ಟೈಬೀರಿಯಸನ ಡೆನೇರಿಯಸ್ಸೋ, ಮೂರನೇ ಗಾರ್ಡಿಯನ್ನನ ಆಂಟೋನಿನಿಯಾನಸ್ಸೋ?

ಡೆನೇರಿಯಸ್, ಆಂಟೋನಿನಿಯಾನಸ್ ಎರಡೂ ರೋಮನ್ ದೊರೆಗಳ ಬೆಳ್ಳಿ ನಾಣ್ಯಗಳು. ಹೊಸದಾಗಿ ಸಂಗ್ರಹ ಶುರುಮಾಡುವವರು ಮೊದಲು ಕೊಳ್ಳಲು ಎರಡೂ ಒಳ್ಳೆಯವೇ. ಆದರೆ ಕೈಗೆ ಬೀಳುವ ಸರಕು ಒಂದೇ ಅಲ್ಲ.

ಟೈಬೀರಿಯಸನ (ಕ್ರಿ.ಶ. 14–37) ಡೆನೇರಿಯಸ್ ಸುಮಾರು 18 ಮಿ.ಮೀ. ಅಗಲ, 3.7 ಗ್ರಾಂ ತೂಕ, ಹೆಚ್ಚೂಕಡಿಮೆ ಅಪ್ಪಟ ಬೆಳ್ಳಿ. ಒಂದು ಕಡೆ ಲಾರೆಲ್ ಎಲೆಯ ಮಾಲೆ ತೊಟ್ಟ ದೊರೆಯ ತಲೆ, ಇನ್ನೊಂದು ಕಡೆ ರೆಂಬೆ ಹಿಡಿದು ಕುಳಿತ ಹೆಣ್ಣು. ಅವಳನ್ನು ದೊರೆಯ ತಾಯಿ ಲಿವಿಯಾ ಎಂದು ಗುರುತಿಸುವವರು ಬಹಳ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಈ ದೊರೆಯ ಡೆನೇರಿಯಸ್ ಸಿಕ್ಕಿದೆ. ಬೈಬಲ್ಲಿನಲ್ಲಿ ಯೇಸುವಿಗೆ ತೋರಿಸಿದ ತೆರಿಗೆ ನಾಣ್ಯ ಇದೇ ಎಂಬ ಹೆಸರಿನಿಂದ ಬೆಲೆ ಏರಿದೆ, ನಕಲಿಯೂ ಹೆಚ್ಚು. ಅಂಚನ್ನು ಭೂತಗನ್ನಡಿಯಲ್ಲಿ ನೋಡಿ: ಸುತ್ತ ಗೆರೆ ಹರಿದಿದ್ದರೆ ಅಚ್ಚಿಗೆ ಎರಕ ಹೊಯ್ದ ನಕಲಿ; ಬೆಳ್ಳಿ ಕಿತ್ತಲ್ಲಿ ತಾಮ್ರ ಇಣುಕಿದರೆ ಆ ಕಾಲದ್ದೇ ಕಳ್ಳನಾಣ್ಯ, ತೂಕವೂ ಕಡಿಮೆ.

ಗಾರ್ಡಿಯನ್ನನದು (238–244) ಅಗಲ, ಅಗ್ಗ. ದೊರೆಯ ತಲೆಯ ಮೇಲೆ ಕಿರಣಗಳ ಕಿರೀಟ ಕಂಡರೆ ಎರಡು ಡೆನೇರಿಯಸ್ ಬೆಲೆಯದು ಎಂದರ್ಥ, ಬೆಳ್ಳಿ ಮಾತ್ರ ಅಷ್ಟಿಲ್ಲ. ಬರಹ ಮಾಸದ ಪ್ರತಿ ಸುಲಭವಾಗಿ ಸಿಗುತ್ತದೆ.

ಕಲಿಯಲಿಕ್ಕಾದರೆ ಗಾರ್ಡಿಯನ್. ಯಾವುದನ್ನೇ ಕೊಂಡರೂ ಉಜ್ಜಬೇಡಿ, ಬೀಳಿಸಬೇಡಿ. ಹಳೆಯ ಬೆಳ್ಳಿ ಒಳಗೇ ಹರಳುಗಟ್ಟಿದ್ದರೆ ಬಿದ್ದೊಡನೆ ಬಿಸ್ಕತ್ತಿನಂತೆ ಮುರಿಯುತ್ತದೆ.