ಒಂದೇ ಫೋನು, ಐದು ಬಾವುಟ: ಜಿಪಿಎಸ್‌ನಿಂದ ನಾವಿಕ್‌ವರೆಗೆ ಒಂದು ವಿಮರ್ಶೆ

ಮ್ಯಾಪ್ ತೆರೆದರೆ ಕಾಣುವ ನೀಲಿ ಚುಕ್ಕೆಯನ್ನು ನಾವೆಲ್ಲ ಜಿಪಿಎಸ್ ಅಂತಲೇ ಕರೆಯುತ್ತೇವೆ. ಈಗಿನ ಫೋನಿನಲ್ಲಿ ಆ ಚುಕ್ಕೆ ಇಡುವುದಕ್ಕೆ ಅಮೆರಿಕದ ಜಿಪಿಎಸ್ ಜೊತೆ ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೌ, ಭಾರತದ ನಾವಿಕ್ ಉಪಗ್ರಹಗಳೂ ಕೈ ಹಾಕುತ್ತವೆ. ಇನ್ನೊಬ್ಬರನ್ನು ನಂಬಿ ಕೂರಲಾಗದೆ ಪ್ರತಿಯೊಬ್ಬರೂ ಸ್ವಂತದ್ದನ್ನು ಕಟ್ಟಿಕೊಂಡರು. ಅಪನಂಬಿಕೆಗೆ ಕಾರಣವೂ ಇತ್ತು: 2000ದ ಮೇ ತಿಂಗಳವರೆಗೆ ಅಮೆರಿಕ ಸಾರ್ವಜನಿಕ ಸಿಗ್ನಲ್ಲನ್ನು ಬೇಕೆಂತಲೇ ಕೆಡಿಸಿ, ನೂರು ಮೀಟರಿನಷ್ಟು ತಪ್ಪು ಬರುವಂತೆ ಇಟ್ಟಿತ್ತು. ಜಗಳ ಅವರದ್ದು, ಲಾಭ ಬಳಕೆದಾರನದ್ದು, ಐದೂ ಪುಕ್ಕಟೆ. ಕರ್ನಾಟಕದ ಆಕಾಶದಲ್ಲಿ ಯಾವುದು ಎಷ್ಟು ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈ ಕೊಡುತ್ತದೆ ಎಂಬುದು ಇಲ್ಲಿನ ವಿಷಯ.

ಮೊದಲು ನೋಡುವ ಬಗೆ. ಆಂಡ್ರಾಯ್ಡ್ ಫೋನಿನಲ್ಲಿ ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆ್ಯಪ್ ಹಾಕಿಕೊಂಡು ತಾರಸಿಗೆ ಹೋಗಿ. ನೀರಿನ ಟ್ಯಾಂಕು, ತಗಡಿನ ಶೀಟುಗಳಿಂದ ದೂರ ನಿಂತು ಐದು ನಿಮಿಷ ಕಾಯಿರಿ. ಐಫೋನಿನಲ್ಲಿ ಈ ಮಾಹಿತಿ ಆ್ಯಪ್‌ಗಳಿಗೆ ಸಿಗುವುದೇ ಇಲ್ಲ, ಹಾಗಾಗಿ ಪರೀಕ್ಷೆಗೆ ಆಂಡ್ರಾಯ್ಡೇ ಬೇಕು. ಪ್ರತಿ ಸಾಲಿನಲ್ಲಿ ಒಂದು ಉಪಗ್ರಹ: ಬಾವುಟ, ನಂಬರು, ಸಿಗ್ನಲ್ಲಿನ ಬಲ, ದಿಗಂತದಿಂದ ಎಷ್ಟು ಎತ್ತರ, ಯಾವ ದಿಕ್ಕು. ಬಲ 40ರ ಆಸುಪಾಸು ಇದ್ದರೆ ಚೆನ್ನ, 25ಕ್ಕಿಂತ ಕೆಳಗಿದ್ದರೆ ಲೆಕ್ಕಕ್ಕಿಲ್ಲ. ಆ ಸಾಲಿನಲ್ಲಿ ಯು (U) ಎಂಬ ಅಕ್ಷರ ಇದ್ದರಷ್ಟೇ ಆ ಉಪಗ್ರಹ ನಿಮ್ಮ ಚುಕ್ಕೆಯ ಲೆಕ್ಕಕ್ಕೆ ಸೇರಿದೆ. ಬಾವುಟ ಕಂಡಿತು ಎಂದು ಹಿಗ್ಗುವವರು ಈ ಅಕ್ಷರ ನೋಡುವುದಿಲ್ಲ.

ಬಾವುಟಕ್ಕಿಂತ ಮುಖ್ಯವಾದ ಕಾಲಂ ಇನ್ನೊಂದಿದೆ, ಫ್ರೀಕ್ವೆನ್ಸಿಯದು. ಅಲ್ಲಿ ಎಲ್1 ಮಾತ್ರ ಕಂಡರೆ ಅದು ಹಳೇ ಕಾಲದ ಚಿಪ್. ಎಲ್1 ಅಂದರೆ 1575.42 ಮೆಗಾಹರ್ಟ್ಸ್, ಎಲ್5 ಅಂದರೆ 1176.45. ಎಲ್1ನ ಹಳೆಯ ಸಾರ್ವಜನಿಕ ಕೋಡಿನಲ್ಲಿ (ಉಪಗ್ರಹ ಮತ್ತೆ ಮತ್ತೆ ಕಳಿಸುವ ಸೊನ್ನೆ-ಒಂದುಗಳ ಸಾಲು) ಒಂದೊಂದು ತುಣುಕಿನ ಉದ್ದ ಸುಮಾರು 293 ಮೀಟರ್, ಎಲ್5ರಲ್ಲಿ ಸುಮಾರು 29 ಮೀಟರ್. ಎದುರಿನ ಕಟ್ಟಡದ ಗಾಜಿಗೆ ಬಡಿದು ತಡವಾಗಿ ಬರುವ ಸಿಗ್ನಲ್ಲನ್ನು ತುಣುಕು ಚಿಕ್ಕದಿದ್ದಷ್ಟೂ ಸುಲಭವಾಗಿ ಬೇರ್ಪಡಿಸಬಹುದು. ಫ್ಲೈಓವರ್ ಮೇಲಿದ್ದೀರೋ ಪಕ್ಕದ ಸರ್ವಿಸ್ ರೋಡಿನಲ್ಲೋ ಎಂದು ಮ್ಯಾಪ್ ತಡಬಡಿಸುವುದು ಕಡಿಮೆಯಾಗಬೇಕಾದರೆ ಬೇಕಿರುವುದು ಇದು, ಆರನೇ ಬಾವುಟವಲ್ಲ.

ಜಿಪಿಎಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂವತ್ತರ ಆಸುಪಾಸು ಉಪಗ್ರಹಗಳು, 20,200 ಕಿಲೋಮೀಟರ್ ಎತ್ತರ, ಎಂದೂ ಬೇಸರ ತರಿಸದ ಕೆಲಸ. ಕೊರತೆ ಒಂದೇ: ಹಳೇ ಉಪಗ್ರಹಗಳು ಇನ್ನೂ ದುಡಿಯುತ್ತಿರುವುದರಿಂದ ಎಲ್5 ಎಲ್ಲದರಲ್ಲೂ ಇಲ್ಲ. 5ಕ್ಕೆ 4.

ನಮ್ಮ ಅಕ್ಷಾಂಶದಲ್ಲಿ ಅಚ್ಚರಿ ಹುಟ್ಟಿಸುವುದು ಬೈಡೌ. 2003ರಲ್ಲಿ ಚೀನಾ ಯುರೋಪಿನ ಗೆಲಿಲಿಯೊ ಯೋಜನೆಗೆ 20 ಕೋಟಿ ಯೂರೊ ಕೊಡುವುದಾಗಿ ಹೇಳಿ ಪಾಲುದಾರನಾಗಿ ಒಳಬಂತು. ಸೂಕ್ಷ್ಮ ಭಾಗಗಳಿಂದ ತನ್ನನ್ನು ದೂರವಿಟ್ಟಿದ್ದಾರೆ ಅನ್ನಿಸಿದ ಮೇಲೆ ಮನೆಗೆ ಮರಳಿ ತನ್ನದನ್ನೇ ದೊಡ್ಡದು ಮಾಡಿತು. 2020ರ ಜುಲೈ 31ರಂದು ಜಗತ್ತಿಗೆಲ್ಲ ಸೇವೆ ಘೋಷಿಸಿತು. ಮೂರನೇ ತಲೆಮಾರಿನಲ್ಲಿ 24 ಉಪಗ್ರಹಗಳು ಭೂಮಿಯನ್ನು ಸುತ್ತುತ್ತವೆ, ಮೂರು ಭೂಸ್ಥಿರ, ಇನ್ನು ಮೂರು ಏಷ್ಯಾದ ಮೇಲೆಯೇ ಎಂಟರ ಆಕಾರದಲ್ಲಿ ಓಡಾಡುವಂಥವು. ಭೂಸ್ಥಿರದಲ್ಲಿ ಒಂದು 80 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಅಂದರೆ ಬೆಂಗಳೂರಿನವರಿಗೆ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಚಿಕ್ಕಪೇಟೆಯಂಥ ಗಲ್ಲಿಯಲ್ಲಿ ಪಕ್ಕದ ಆಕಾಶ ಮುಚ್ಚಿಹೋದಾಗ ನೆತ್ತಿಯ ಉಪಗ್ರಹವೇ ಆಸರೆ. ಆದರೆ ಆ ಭೂಸ್ಥಿರದವು ಎಲ್5 ಜಾಗದಲ್ಲಿ ಮಾಮೂಲಿ ನ್ಯಾವಿಗೇಶನ್ ಸಿಗ್ನಲ್ ಕಳಿಸುವುದಿಲ್ಲ. ಫೋನಿಗೆ ಸಿಗುವುದು 1561.098ರ ಹಳೇ ಸಿಗ್ನಲ್ ಮಾತ್ರ. ಅಲ್ಲಾಡದೆ ನಿಂತಿರುವುದರಿಂದ ಅವುಗಳ ಕಕ್ಷೆಯ ಲೆಕ್ಕವೂ ಉಳಿದವುಗಳಷ್ಟು ಚೊಕ್ಕವಲ್ಲ. ಆದರೂ ಇಲ್ಲಿನ ಮಟ್ಟಿಗೆ 5ಕ್ಕೆ 4½ ಕೊಡದೆ ವಿಧಿಯಿಲ್ಲ.

ಗುಣಮಟ್ಟದಲ್ಲಿ ಗೆಲಿಲಿಯೊಗೇ ಮೊದಲ ಸ್ಥಾನ. ಕೆಲಸದಲ್ಲಿರುವ ಎಲ್ಲ ಉಪಗ್ರಹಗಳಲ್ಲೂ ಎರಡೂ ಫ್ರೀಕ್ವೆನ್ಸಿ ಇವೆ, ಗಡಿಯಾರಗಳು ನಿಖರ (ಸಿಗ್ನಲ್ ಬರಲು ಹಿಡಿದ ಸಮಯದಿಂದಲೇ ದೂರ ಅಳೆಯುವುದರಿಂದ ಗಡಿಯಾರವೇ ಜೀವಾಳ). ಇದು ಅಸಲಿ ಸಿಗ್ನಲ್ಲೇ ಎಂದು ತೋರಿಸುವ ಡಿಜಿಟಲ್ ಸಹಿಯನ್ನೂ ಪುಕ್ಕಟೆ ಸಿಗ್ನಲ್ಲಿನಲ್ಲಿ ಸೇರಿಸಿದ್ದಾರೆ. ಅದನ್ನು ಪರಿಶೀಲಿಸುವ ಫೋನುಗಳು ಮಾತ್ರ ಇನ್ನೂ ಅಪರೂಪ. 2019ರ ಜುಲೈನಲ್ಲಿ ಸುಮಾರು ಒಂದು ವಾರ ಇಡೀ ಸೇವೆ ಮಲಗಿತ್ತು ಎಂಬ ಕಪ್ಪುಚುಕ್ಕೆ ಇದೆ. ಇನ್ನೊಂದು ಪಾಡು ರಾಜಕೀಯದ್ದು. ಹಲವು ಗೆಲಿಲಿಯೊಗಳನ್ನು ಫ್ರೆಂಚ್ ಗಯಾನಾದಿಂದ ಹೊತ್ತೊಯ್ದಿದ್ದು ರಷ್ಯಾದ ಸೋಯುಜ್ ರಾಕೆಟ್. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದೊಡನೆ ರಷ್ಯನ್ನರು ಗಂಟುಮೂಟೆ ಕಟ್ಟಿದರು. ಯಾರ ಜಿಪಿಎಸ್‌ಗೆ ಪರ್ಯಾಯವೆಂದು ಕಟ್ಟಲು ಹೊರಟಿದ್ದರೋ ಅದೇ ಅಮೆರಿಕದ ಫಾಲ್ಕನ್ 9 ರಾಕೆಟ್ಟಿನಲ್ಲಿ 2024ರ ಏಪ್ರಿಲ್ ಮತ್ತು ಸೆಪ್ಟೆಂಬರಿನಲ್ಲಿ ಯುರೋಪ್ ತನ್ನ ಉಪಗ್ರಹ ಕಳಿಸಬೇಕಾಯಿತು.

ಗ್ಲೊನಾಸ್ ರಷ್ಯಾಕ್ಕೆ ಹೇಳಿ ಮಾಡಿಸಿದ್ದು. ಕಕ್ಷೆಯ ವಾಲು 64.8 ಡಿಗ್ರಿ, ಉತ್ತರದ ದೇಶಗಳಿಗೆ ಅನುಕೂಲ. ನಮಗೆ ವಿಶೇಷ ಲಾಭವಿಲ್ಲ. ಉಳಿದ ನಾಲ್ವರ ಉಪಗ್ರಹಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಬೇರೆ ಬೇರೆ ಕೋಡು ಕಳಿಸಿದರೆ ಗ್ಲೊನಾಸ್ 1602 ಮೆಗಾಹರ್ಟ್ಸ್‌ನ ಅಕ್ಕಪಕ್ಕ ಬೇರೆ ಬೇರೆ ಚಾನೆಲ್ ಬಳಸುತ್ತದೆ. ಫೋನಿನಲ್ಲಿ ಇದು ಗೊತ್ತಾಗದು, ಜಮೀನಿನ ಸರ್ವೆಗೆ ರೋವರ್ (ಹೊತ್ತು ಓಡಾಡುವ ರಿಸೀವರ್) ಹಿಡಿದವರಿಗೆ ಗೊತ್ತಾಗುತ್ತದೆ. ಬೇಸ್ (ಒಂದೇ ಕಡೆ ನಿಂತು ತಿದ್ದುಪಡಿ ಕಳಿಸುವ ರಿಸೀವರ್) ಒಂದು ಕಂಪನಿಯದು, ರೋವರ್ ಇನ್ನೊಂದರದು ಆಗಿದ್ದರೆ ಚಾನೆಲ್‌ನಿಂದ ಚಾನೆಲ್‌ಗೆ ರಿಸೀವರಿನ ವಿಳಂಬ ಬದಲಾಗಿ, ಸ್ಕ್ರೀನು ಫ್ಲೋಟ್‌ನಲ್ಲೇ ಕೂರುತ್ತದೆ, ಫಿಕ್ಸ್ ಆಗುವುದಿಲ್ಲ, ಅಂದರೆ ಅಂದಾಜಿನಲ್ಲೇ ಉಳಿದು ಸೆಂಟಿಮೀಟರ್ ಮಟ್ಟದ ಖಚಿತ ಜಾಗ ಸಿಗುವುದಿಲ್ಲ. ಸೆಟ್ಟಿಂಗಿನಲ್ಲಿ ಗ್ಲೊನಾಸ್ ಆಫ್ ಮಾಡಿ ನೋಡಿ. ಜಿಪಿಎಸ್, ಗೆಲಿಲಿಯೊ, ಬೈಡೌ ಮೂರೂ ಚೆನ್ನಾಗಿ ಸಿಗುತ್ತಿದ್ದರೆ ಕಳೆದುಕೊಳ್ಳುವುದು ಏನಿಲ್ಲ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸೂರ್ಯ ಮುಳುಗಿದ ಮೇಲೆ ಫಿಕ್ಸ್ ಹಾರಿಹೋದರೆ ಮಾತ್ರ ಯಾವ ದೇಶದ ತಪ್ಪೂ ಅಲ್ಲ. ದಕ್ಷಿಣ ಭಾರತ ಭೂಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವುದರಿಂದ ಆ ಹೊತ್ತಿಗೆ ಅಯಾನುಗೋಳ (ವಾತಾವರಣದ ಮೇಲಿನ ವಿದ್ಯುದಾವೇಶದ ಪದರ) ಕದಡುತ್ತದೆ. ಬೆಳಿಗ್ಗೆ ಅಳೆಯಿರಿ.

ಇನ್ನು ನಾವಿಕ್. ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ ಇದರ ನ್ಯಾವಿಗೇಶನ್ ಕೇಂದ್ರ, ಹಾಸನದಲ್ಲಿ ಉಪಗ್ರಹ ನಿಯಂತ್ರಣ. ಭಾರತ ಮತ್ತು ಗಡಿಯಾಚೆ 1,500 ಕಿಲೋಮೀಟರ್‌ವರೆಗೆ ಸೇವೆ ಕೊಡುವ ವಿನ್ಯಾಸ. ನಮ್ಮದು ಎಂಬ ಅಭಿಮಾನ ಪಕ್ಕಕ್ಕಿಟ್ಟು ಹೇಳಬೇಕಾದರೆ, ಇದೊಂದನ್ನೇ ನಂಬಿ ಹೊರಡುವ ಸ್ಥಿತಿಯಲ್ಲಿಲ್ಲ. ಸ್ವಿಟ್ಜರ್ಲೆಂಡಿನಿಂದ ತರಿಸಿದ ರುಬಿಡಿಯಂ ಪರಮಾಣು ಗಡಿಯಾರಗಳು ಕೈ ಕೊಟ್ಟವು; ಮೊದಲ ಉಪಗ್ರಹದ ಮೂರೂ ಗಡಿಯಾರಗಳು 2016ರಲ್ಲಿ ಕೆಟ್ಟವು. ಬದಲಿಗೆ ಕಳಿಸಿದ 1ಎಚ್ ಎಂಬ ಉಪಗ್ರಹ, 2017ರ ಆಗಸ್ಟಿನಲ್ಲಿ ರಾಕೆಟ್ಟಿನ ಶಾಖಕವಚ ಕಳಚದೆ ಒಳಗೇ ಉಳಿಯಿತು. 2023ರ ಮೇ 29ರಂದು ದೇಶೀ ಗಡಿಯಾರ ಹೊತ್ತ ಹೊಸ ತಲೆಮಾರಿನ ನಾವಿಕ್ ಉಪಗ್ರಹ ಎನ್‌ವಿಎಸ್-01 ಸರಿಯಾಗಿ ತಲುಪಿತು. 2025ರ ಜನವರಿ 29ರಂದು ಹೋದ ಎನ್‌ವಿಎಸ್-02ರಲ್ಲಿ ಆಕ್ಸಿಡೈಸರ್ ವಾಲ್ವ್ ತೆರೆಯದೆ ಅದು ತನ್ನ ಕಕ್ಷೆ ಸೇರಲಿಲ್ಲ. ಜಾಗ ಮತ್ತು ಫೋನಿನ ಗಡಿಯಾರದ ತಪ್ಪು ಎರಡನ್ನೂ ಬಿಡಿಸಲು ಒಂದೇ ವ್ಯವಸ್ಥೆಯ ನಾಲ್ಕು ಉಪಗ್ರಹ ಬೇಕು. ಬೇರೆಯದರ ಜೊತೆ ಬೆರೆಸಿದರೆ ಎರಡರ ಸಮಯದ ವ್ಯತ್ಯಾಸಕ್ಕೆ ಇನ್ನೊಂದು ಉಪಗ್ರಹ ಖರ್ಚಾಗುತ್ತದೆ. ಹಾಗಾಗಿ ಒಂದೇ ಒಂದು ನಾವಿಕ್ ಕಂಡರೆ ಲಾಭ ಹೆಚ್ಚುಕಡಿಮೆ ಸೊನ್ನೆ. ಎರಡನೆಯದರಿಂದ ಉಪಯೋಗ ಶುರು. ಹಳೇ ನಾವಿಕ್ ಉಪಗ್ರಹಗಳಲ್ಲಿ ಎಲ್1 ಇಲ್ಲವೇ ಇಲ್ಲ, ಆದ್ದರಿಂದ ಎಲ್5 ಇಲ್ಲದ ಫೋನಿನಲ್ಲಿ ಅವನ್ನು ಹುಡುಕಬೇಡಿ. 2020ರ ರಿಯಲ್‌ಮಿ ಎಕ್ಸ್50 ಪ್ರೊ, 2023ರ ಐಫೋನ್ 15 ಪ್ರೊ ಇದನ್ನು ಬೆಂಬಲಿಸಿದವುಗಳಲ್ಲಿ ಸೇರಿವೆ. ಇವತ್ತಿಗೆ 5ಕ್ಕೆ 2.

ಹಳದಿ ಬೋರ್ಡ್ ಗಾಡಿಗಳಿಗೆ ಹಾಕುವ ಎಐಎಸ್-140 ಎಂಬ ಸರ್ಕಾರಿ ಮಾನದಂಡದ ಟ್ರ್ಯಾಕರುಗಳಲ್ಲಿ ನಾವಿಕ್ ಬೆಂಬಲ ಕಡ್ಡಾಯ. ಅಲ್ಲಿ ಸಾಮಾನ್ಯವಾಗಿ ಕೆಡುವುದು ಉಪಗ್ರಹವಲ್ಲ, ಆಂಟೆನಾ ಕೂರಿಸುವ ರೀತಿ. ಡ್ಯಾಶ್‌ಬೋರ್ಡ್ ಒಳಗೆ ಕಬ್ಬಿಣದ ಪಟ್ಟಿಯ ಕೆಳಗೋ, ಲೋಹದ ಲೇಪನವಿರುವ ಗಾಜಿನ ಹಿಂದೋ ಇಟ್ಟರೆ ಐದು ದೇಶ ಸೇರಿದರೂ ಸಿಗ್ನಲ್ ಬಾರದು.

ಇಷ್ಟೆಲ್ಲ ಪೈಪೋಟಿ ನಡೆಸಿದವರು ಮನೆ ಕಟ್ಟಿರುವುದು ಮಾತ್ರ ಒಂದೇ ಬೀದಿಯಲ್ಲಿ. ಜಿಪಿಎಸ್, ಗೆಲಿಲಿಯೊ, ಬೈಡೌನ ಹೊಸ ಸಿಗ್ನಲ್, ಹೊಸ ನಾವಿಕ್ ಎಲ್ಲವೂ 1575.42ರಲ್ಲೇ. ನೆಲ ಮುಟ್ಟುವ ಹೊತ್ತಿಗೆ ಸಿಗ್ನಲ್ ಒಂದು ವ್ಯಾಟಿನ ಸುಮಾರು ಹತ್ತು ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಂಗೈಯಗಲದ ಜಾಮರ್ ಎಲ್ಲರನ್ನೂ ಒಟ್ಟಿಗೆ ಮುಳುಗಿಸುತ್ತದೆ. ಬಾಲ್ಟಿಕ್ ಪ್ರದೇಶದ ಇಂಥ ಅಡಚಣೆಯಿಂದಲೇ ಫಿನ್‌ಏರ್ 2024ರ ಏಪ್ರಿಲ್ ಕೊನೆಯಲ್ಲಿ ಎಸ್ಟೋನಿಯಾದ ಟಾರ್ಟು ವಿಮಾನಗಳನ್ನು ಒಂದು ತಿಂಗಳು ನಿಲ್ಲಿಸಿತು. ಸುಳ್ಳು ಸಿಗ್ನಲ್ಲಿನ ಆಟ ಬೇರೆ: 2016ರಲ್ಲಿ ಮಾಸ್ಕೋದ ಕ್ರೆಮ್ಲಿನ್ ಬಳಿ ನಿಂತವರ ಫೋನು ಅವರನ್ನು ದೂರದ ವ್ನೂಕೊವೊ ವಿಮಾನ ನಿಲ್ದಾಣದಲ್ಲಿ ತೋರಿಸುತ್ತಿತ್ತು. ಜಿಪಿಎಸ್‌ಟೆಸ್ಟ್‌ನಲ್ಲಿ ಎಲ್ಲ ಉಪಗ್ರಹಗಳ ಬಲವೂ ಅಚ್ಚು ಹಾಕಿದ ಹಾಗೆ ಒಂದೇ ಇದ್ದರೆ ಅನುಮಾನಿಸಿ. ಅಸಲಿ ಆಕಾಶದಲ್ಲಿ ದಿಗಂತದ ಹತ್ತಿರದವು ಸೊರಗಿರುತ್ತವೆ.

ವ್ಯಾಪಾರಕ್ಕೆಂದು ಗುವಾಂಗ್‌ಜೌ ಕಡೆ ಹೋಗುವವರಿಗೊಂದು ಸೂಚನೆ. ಅಲ್ಲಿ ಚುಕ್ಕೆ ನದಿಯೊಳಗೆ ನಿಂತಂತೆ ಕಂಡರೆ ಫೋನ್ ಕೆಟ್ಟಿಲ್ಲ. ಚೀನಾದ ಕಾನೂನಿನ ಪ್ರಕಾರ ಅಲ್ಲಿನ ನಕ್ಷೆಗಳನ್ನು ಬೇಕೆಂದೇ ಕೆಲವು ನೂರು ಮೀಟರ್ ಸರಿಸಿರುತ್ತಾರೆ. ಅಮ್ಯಾಪ್ ಅಥವಾ ಬೈದು ಮ್ಯಾಪ್ ಬಳಸಿ. ಬೈದುವಿನಿಂದ ನಕಲು ಮಾಡಿದ ಅಕ್ಷಾಂಶ-ರೇಖಾಂಶವನ್ನು ಬೇರೆ ಆ್ಯಪ್‌ಗೆ ಅಂಟಿಸಬೇಡಿ, ಕಾನೂನು ಸರಿಸಿದ್ದರ ಮೇಲೆ ಬೈದು ತನ್ನ ಲೆಕ್ಕದಲ್ಲಿ ಇನ್ನಷ್ಟು ಸರಿಸಿರುತ್ತದೆ.