ಜೆರಾಕ್ಸ್ ಮ್ಯಾನ್ಯುವಲ್ ನಂಬಿ ಬೋಲ್ಟ್ ಬಿಗಿಯುವ ಮೊದಲು

ರವಿವಾರ ಬಂದರೆ ಪಾರ್ಕಿಂಗ್‌ನಲ್ಲಿ ಸ್ಪ್ಯಾನರ್ ಹಿಡಿದು ಕೂರುವ ಪುಣೆಯ ಕನ್ನಡದ ಮಂದಿಗೆ ಇದು.

ನನ್ನದು ಹೋಂಡಾದ ಹಳೇ ಬೈಕು, ಯೂನಿಕಾರ್ನ್ 150. ಕಾತ್ರಜ್ ಘಾಟ್ ಏರುವಾಗ ಇಂಜಿನ್ ಬರೀ ಕೂಗುತ್ತಿತ್ತು, ಗಾಡಿ ಏಳುತ್ತಿರಲಿಲ್ಲ. ಕ್ಲಚ್ ಪ್ಲೇಟ್ ಸವೆದಿದ್ದವು. ನಾನಾ ಪೇಟೆಯಲ್ಲಿ ಪ್ಲೇಟ್ ತಂದೆ. ಬಿಚ್ಚಿ ಕೂಡಿಸಲು ಆನ್‌ಲೈನ್‌ನಲ್ಲಿ 380 ರೂಪಾಯಿ ಕೊಟ್ಟು ‘ಒರಿಜಿನಲ್ ಸರ್ವಿಸ್ ಮ್ಯಾನ್ಯುವಲ್’ ತರಿಸಿದೆ. ಬಂದದ್ದು ಸ್ಪೈರಲ್ ಹಾಕಿದ ಜೆರಾಕ್ಸು, ಅದೂ ಜೆರಾಕ್ಸಿನ ಜೆರಾಕ್ಸು. ಚಿತ್ರಗಳೆಲ್ಲ ಕಪ್ಪು ಮಸಿ.

ಕ್ಲಚ್ ಕವರಿನ ಬೋಲ್ಟ್ ಎಷ್ಟು ಬಿಗಿಯಬೇಕು ಅಂತ ನೋಡಿದರೆ ಅಂಕಿ 12ರ ಹಾಗೂ ಕಾಣುತ್ತದೆ, 22ರ ಹಾಗೂ ಕಾಣುತ್ತದೆ. ಬಿಗಿಯಾದಷ್ಟೂ ಒಳ್ಳೆಯದೆಂದು ಟಾರ್ಕ್ ವ್ರೆಂಚನ್ನು (ಇಟ್ಟ ಅಂಕಿಯಷ್ಟು ಬಿಗಿಯಾದ ಕೂಡಲೇ ‘ಟಕ್’ ಅನ್ನುವ ಸ್ಪ್ಯಾನರ್) 22ಕ್ಕೆ ಇಟ್ಟೆ. ಎರಡು ಬೋಲ್ಟ್‌ಗೂ ಆ ಸದ್ದು ಬರಲೇ ಇಲ್ಲ. ಕೈಗೆ ಒಮ್ಮೆಲೇ ಮೆತ್ತಗಾಯಿತು, ಬೆಣ್ಣೆಯಲ್ಲಿ ತಿರುವಿದ ಹಾಗೆ. ಹೊರಗೆ ತೆಗೆದರೆ ಬೋಲ್ಟಿನ ಮೈಗೆ ಬೆಳ್ಳಿ ಎಳೆಯಂತೆ ಅಲ್ಯುಮಿನಿಯಂ ಸುತ್ತಿಕೊಂಡಿತ್ತು. ಕೇಸಿನ ಥ್ರೆಡ್ಡೇ ಕಿತ್ತು ಬಂದಿತ್ತು.

ರಿಪೇರಿಗೆ ಲೇತ್ ಅಂಗಡಿಗೆ ಒಯ್ದೆ, ಅಂಗಡಿಯವರು ವಿಜಯಪುರದ ಕಡೆಯವರು. ಹೆಲಿಕಾಯಿಲ್ (ಹಾಳಾದ ಥ್ರೆಡ್ ಜಾಗಕ್ಕೆ ಹಾಕುವ ತಂತಿ ಸುರುಳಿ) ಕೂರಿಸುತ್ತಾ ಆ ಪುಟ ನೋಡಿದರು. “ಸರ, ಬಾಜೂಕ ಬ್ರಾಕೆಟ್ಟಿನ್ಯಾಗ ಸಣ್ಣಗ 1.2 ಅಂತ ಐತಲ್ರೀ. 22 ಹ್ಯಾಂಗ ಆಗತೈತಿ?”

ಹೋಂಡಾ ಮ್ಯಾನ್ಯುವಲ್‌ನಲ್ಲಿ ಬಿಗಿಯುವ ಲೆಕ್ಕವನ್ನು (ಟಾರ್ಕ್) ಮೊದಲು ನ್ಯೂಟನ್ ಮೀಟರ್‌ನಲ್ಲಿ, ಪಕ್ಕದ ಬ್ರಾಕೆಟ್ಟಿನಲ್ಲಿ ಕೆಜಿ ಮೀಟರ್‌ನಲ್ಲಿ ಕೊಟ್ಟಿರುತ್ತಾರೆ. ಒಂದು ಕೆಜಿ ಮೀಟರ್ ಅಂದರೆ ಸುಮಾರು 9.8 ನ್ಯೂಟನ್ ಮೀಟರ್. 1.2ನ್ನು ಅದರಿಂದ ಗುಣಿಸಿದರೆ ಸುಮಾರು 12, ಅಲ್ಲಿಗೆ ಅದು 12 ಎಂದು ಗೊತ್ತಾಗಬೇಕಿತ್ತು. 6 ಎಂಎಂ ಬೋಲ್ಟಿಗೆ 22 ಹಾಕುವುದೇ ಹುಚ್ಚು, ಅದೂ ಅಲ್ಯುಮಿನಿಯಂನಲ್ಲಿ.

ಮನೆಗೆ ಬಂದು ಮೊದಲ ಪುಟಗಳನ್ನು ತಿರುವಿದೆ (ಈ ಕೆಲಸ ಮೊದಲೇ ಮಾಡಬೇಕಿತ್ತು). ಇಂಜಿನ್ 162.7 ಸಿಸಿ ಅಂತಿದೆ! ನನ್ನ ಆರ್‌ಸಿಯಲ್ಲಿರುವುದು 149. ಅಂದರೆ ಅದು ಯೂನಿಕಾರ್ನ್ 160ರ ಪುಸ್ತಕ, ಇಂಜಿನ್ನೇ ಬೇರೆ.

ಹಾಗಾಗಿ ದುಡ್ಡು ಕೊಡುವ ಮೊದಲು ಮಾರುವವರಿಂದ ಎರಡು ಪುಟದ ಫೋಟೋ ತರಿಸಿಕೊಳ್ಳಿ: ಸ್ಪೆಸಿಫಿಕೇಷನ್ ಮತ್ತು ಟಾರ್ಕ್ ಪಟ್ಟಿ. ಸಿಸಿಯನ್ನು ಆರ್‌ಸಿಗೆ ತಾಳೆ ನೋಡಿ. ಕೆಲವರು ಪಾರ್ಟ್ಸ್ ಕ್ಯಾಟಲಾಗನ್ನೇ ಸರ್ವಿಸ್ ಮ್ಯಾನ್ಯುವಲ್ ಅಂತ ದಾಟಿಸುತ್ತಾರೆ. ಅದರಲ್ಲಿ ಬಿಡಿಭಾಗದ ಚಿತ್ರ, ನಂಬರ್ ಸಿಗುತ್ತವೆ, ಬಿಗಿಯುವ ಲೆಕ್ಕ ಸಿಗುವುದಿಲ್ಲ. ಗಾಡಿಯ ಜೊತೆ ಕೊಡುವ ಓನರ್ಸ್ ಮ್ಯಾನ್ಯುವಲ್‌ನಲ್ಲಿ ಕ್ಲಚ್ ಬಿಚ್ಚುವುದನ್ನು ಹುಡುಕಬೇಡಿ.

ಎರಡು ಹೆಲಿಕಾಯಿಲ್, ಹೊಸ ಗ್ಯಾಸ್ಕೆಟ್, ಮತ್ತೆ ಆಯಿಲ್ ಸೇರಿ 1,400 ರೂಪಾಯಿ ಹೋಯಿತು. ಮಾರಿದವನಿಗೆ ಮೆಸೇಜ್ ಹಾಕಿದರೆ “ಯೂನಿಕಾರ್ನ್ ಅಂತಲೇ ಬರೆದಿದ್ದೇನಲ್ಲ” ಅಂದ. ನಿನ್ನೆ ನೋಡಿದೆ, ಅದೇ ಫೋಟೋದ ಕೆಳಗೆ ಈಗ ‘ಎಲ್ಲಾ ಮಾಡೆಲ್‌ಗೂ ಆಗುತ್ತದೆ’ ಅಂತ ಸೇರಿಸಿದ್ದಾನೆ.