ಮಹಾಪೆಯ ಡೇಟಾ ಸೆಂಟರಿನಲ್ಲಿ ಕೃತಕ ಬುದ್ಧಿಮತ್ತೆಯ ಕೂಲಿಂಗ್ ಸೇವೆ: ಒಂದು ವರ್ಷದ ಅನುಭವ

ನವಿ ಮುಂಬೈಯ ಮಹಾಪೆಯಲ್ಲಿರುವ ಮಧ್ಯಮ ಗಾತ್ರದ ಡೇಟಾ ಸೆಂಟರೊಂದರಲ್ಲಿ ವಿದ್ಯುತ್ತು ಮತ್ತು ಹವಾನಿಯಂತ್ರಣದ ಹೊಣೆ ನನ್ನದು. ಕಳೆದ ಡಿಸೆಂಬರಿನಲ್ಲಿ ನಾವು ಸರ್ವರುಗಳ ಬಿಸಿ ಇಳಿಸುವ ಕೂಲಿಂಗ್ ವ್ಯವಸ್ಥೆಯನ್ನು ಕೃತಕ ಬುದ್ಧಿಮತ್ತೆಯಿಂದ ನಡೆಸುವ ಸೇವೆಯೊಂದನ್ನು ಪಡೆದೆವು. ಚಳಿಗಾಲ, ಬೇಸಿಗೆ, ಮಳೆಗಾಲ ಮೂರನ್ನೂ ಅದರೊಡನೆ ಕಳೆದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಸೇವೆ ಕೊಡುವ ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ಇಂಥ ಸೇವೆಯನ್ನು ಮಾರಲು ಬರುವವರು ಮೊದಲು ತೆಗೆಯುವುದು ಗೂಗಲ್‌ನ ಉದಾಹರಣೆಯನ್ನು. 2016ರಲ್ಲಿ ಗೂಗಲ್‌ನದೇ ಕೃತಕ ಬುದ್ಧಿಮತ್ತೆಯ ಸಂಸ್ಥೆಯಾದ ಡೀಪ್‌ಮೈಂಡ್ ತನ್ನ ಯಂತ್ರಕಲಿಕೆಯ ಮಾದರಿಯಿಂದ ಗೂಗಲ್‌ನ ಡೇಟಾ ಸೆಂಟರುಗಳಲ್ಲಿ ಶೇ. 40ರವರೆಗೆ ಉಳಿತಾಯವಾಯಿತೆಂದು ಪ್ರಕಟಿಸಿದ್ದು ನಿಜ. ಆದರೆ ಅದು ತಂಪುಗೊಳಿಸಲು ತಗಲುವ ವಿದ್ಯುತ್ತಿನಲ್ಲಿ ಆದ ಉಳಿತಾಯವೇ ಹೊರತು ಒಟ್ಟು ಬಿಲ್ಲಿನಲ್ಲಿ ಆದದ್ದಲ್ಲ. 2018ರಲ್ಲಿ ಐದು ನಿಮಿಷಕ್ಕೊಮ್ಮೆ ಸಾವಿರಾರು ಸೆನ್ಸರುಗಳನ್ನು ಓದಿ ಯಂತ್ರಗಳನ್ನು ತಾನೇ ನಿಯಂತ್ರಿಸುವ ವ್ಯವಸ್ಥೆ ಬಂದಾಗ ಅವರು ಹೇಳಿದ ಸರಾಸರಿ ಸುಮಾರು ಶೇ. 30. ನಮ್ಮ ಆಡಳಿತ ಮಂಡಳಿಯ ಸಭೆಯಲ್ಲಿ ಮಾತ್ರ ಶೇ. 40 ಎಂಬುದು ಇಡೀ ಬಿಲ್ಲಿನ ಲೆಕ್ಕವಾಗಿಯೇ ಕೇಳಿಸಿತ್ತು.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ನಮ್ಮ ಸರ್ವರ್ ಹಾಲ್‌ನಲ್ಲಿ ಎಂಟು ಎಎಚ್‌ಯುಗಳಿವೆ, ಅಂದರೆ ತಣ್ಣನೆಯ ಗಾಳಿ ಬೀಸುವ ದೊಡ್ಡ ಫ್ಯಾನಿನ ಯಂತ್ರಗಳು. ಆರನ್ನು ಪೂರ್ಣ ವೇಗದಲ್ಲಿ ಓಡಿಸಿ ಎರಡನ್ನು ಸ್ಟ್ಯಾಂಡ್‌ಬೈ ಇಡುವುದು ಮೊದಲಿನಿಂದ ಬಂದ ಪದ್ಧತಿ. ಈ ತಂತ್ರಾಂಶ ಬಂದ ಎರಡನೆಯ ವಾರದಲ್ಲೇ ಎಂಟನ್ನೂ ಮುಕ್ಕಾಲು ವೇಗದಲ್ಲಿ ಓಡಿಸತೊಡಗಿತು. ಫ್ಯಾನು ಎಳೆಯುವ ವಿದ್ಯುತ್ತು ಅದರ ವೇಗದ ಘನಕ್ಕೆ ಅನುಗುಣವಾಗಿ ಏರಿಳಿಯುತ್ತದೆ; ಆದ್ದರಿಂದ ಬೀಸುವ ಗಾಳಿ ಮೊದಲಿನಷ್ಟೇ ಇದ್ದರೂ ತಗಲುವ ವಿದ್ಯುತ್ತು, ಲೆಕ್ಕದ ಪ್ರಕಾರ, ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೆ. ಈ ನಿಯಮವನ್ನು ನಾವೆಲ್ಲ ಕಾಲೇಜಿನಲ್ಲಿ ಓದಿ ಪಾಸಾದವರೇ. ಸ್ಟ್ಯಾಂಡ್‌ಬೈ ಯಂತ್ರವನ್ನು ಮುಟ್ಟಬಾರದೆಂಬ ಭಯದಲ್ಲಿ ಯಾರೂ ಅದನ್ನು ಪ್ರಯೋಗಿಸಿರಲಿಲ್ಲ.

ಸೇವೆಯ ಅಂಗವಾಗಿ ಸರ್ವರುಗಳನ್ನು ಜೋಡಿಸಿಡುವ ರ್ಯಾಕುಗಳ ಮುಂದೆ ಹಾಕಿದ ಸೆನ್ಸರುಗಳಿಂದ ಇನ್ನೊಂದು ಲಾಭವಾಯಿತು. ಸರ್ವರುಗಳಿಲ್ಲದ ಖಾಲಿ ಜಾಗಗಳಿಂದ ಬಿಸಿಗಾಳಿ ಹಿಂದಿನಿಂದ ಮುಂದಕ್ಕೆ ನುಗ್ಗುತ್ತಿದ್ದುದು ಪರದೆಯ ಮೇಲೆ ಕೆಂಪಾಗಿ ಕಂಡಿತು. ಆ ತೂತುಗಳನ್ನು ಪ್ಲಾಸ್ಟಿಕ್ ಬ್ಲಾಂಕಿಂಗ್ ಪ್ಯಾನೆಲ್ ಹಾಕಿ ಮುಚ್ಚಿದೆವು. ಇದಕ್ಕೆ ಕೃತಕ ಬುದ್ಧಿಮತ್ತೆ ಬೇಕಿರಲಿಲ್ಲ, ಆದರೂ ಸಂಸ್ಥೆ ಈ ಉಳಿತಾಯವನ್ನೂ ತನ್ನ ಖಾತೆಗೇ ಬರೆದುಕೊಂಡಿತು.

ತೊಂದರೆ ಶುರುವಾದದ್ದು ಜೂನ್ ತಿಂಗಳಲ್ಲಿ. ಒಂದಿಷ್ಟು ನೀರನ್ನು ಆವಿಯಾಗಿಸಿ ಉಳಿದದ್ದನ್ನು ತಣಿಸುವ ಕೂಲಿಂಗ್ ಟವರು, ನೀರನ್ನು ಹೊರಗಿನ ಗಾಳಿಯ ವೆಟ್ ಬಲ್ಬ್ ತಾಪಮಾನಕ್ಕಿಂತ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ, ಗಾಳಿ ತೇವವಾದಷ್ಟೂ ಏರುವ ತಾಪಮಾನ) ಕೆಳಗೆ ಇಳಿಸಲಾರದು, ಮತ್ತು ಮುಂಬೈಯ ಮಳೆಗಾಲದಲ್ಲಿ ಗಾಳಿಯೇ ತೇವದಿಂದ ತೊಯ್ದಿರುತ್ತದೆ. ಡಿಸೆಂಬರಿನಿಂದ ಒಣಹವೆಯಲ್ಲಿ ಕಲಿತ ಮಾದರಿ, ಫ್ಯಾನಿನ ವೇಗ ಹೆಚ್ಚಿಸಿದರೆ ನೀರು ತಣ್ಣಗಾಗುತ್ತದೆಂಬ ಪಾಠವನ್ನೇ ನಂಬಿ ಟವರ್ ಫ್ಯಾನುಗಳನ್ನು ರಾತ್ರಿಯಿಡೀ ಪೂರ್ಣ ವೇಗದಲ್ಲಿ ತಿರುಗಿಸಿತು. ರಾತ್ರಿಪಾಳಿಯ ಆಪರೇಟರ್ ವಿಜಯಪುರದ ಕಡೆಯವರು. ಬೆಳಿಗ್ಗೆ ಲಾಗ್‌ಬುಕ್ ಮುಂದಿಟ್ಟು, "ಸಾಹೇಬ್ರ, ಮಳಿಗಾಲದಾಗ ಈ ಫ್ಯಾನ್ ಎಷ್ಟ್ ತಿರುಗಿದ್ರೂ ನೀರು ಇದಕ್ಕಿಂತ ತಣ್ಣಗ ಆಗಂಗಿಲ್ರಿ" ಎಂದರು. ದೂರು ಕೊಟ್ಟ ಮೇಲೆ ಮಾದರಿಯನ್ನು ತಿದ್ದಲು ಮೂರು ವಾರ ಹಿಡಿಯಿತು. ಅಷ್ಟು ದಿನ ಟವರನ್ನು ಆ ಆಪರೇಟರೇ ಕೈಯಿಂದ ನಿಭಾಯಿಸಿದರು.

ಇದಕ್ಕಿಂತ ಸೂಕ್ಷ್ಮವಾದ ದೋಷವೊಂದಿದೆ. ಈ ತಂತ್ರಾಂಶದ ಗುರಿ ಪಿಯುಇಯನ್ನು ತಗ್ಗಿಸುವುದು, ಅಂದರೆ ಕಟ್ಟಡ ಬಳಸುವ ಒಟ್ಟು ವಿದ್ಯುತ್ತನ್ನು ಸರ್ವರ್ ಮೊದಲಾದ ಐಟಿ ಉಪಕರಣಗಳು ಬಳಸುವ ವಿದ್ಯುತ್ತಿನಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು 1ರ ಹತ್ತಿರಕ್ಕೆ ತರುವುದು. ಸರ್ವರುಗಳಿಗೆ ಒಳಹೋಗುವ ಗಾಳಿಯ ತಾಪಮಾನಕ್ಕೆ ಹವಾನಿಯಂತ್ರಣ ಎಂಜಿನಿಯರುಗಳ ಅಮೆರಿಕದ ಸಂಸ್ಥೆಯಾದ ಆಶ್ರೇಯ ಶಿಫಾರಸು 18ರಿಂದ 27 ಡಿಗ್ರಿ ಸೆಲ್ಸಿಯಸ್. ತಂತ್ರಾಂಶ ಮೇಲಿನ ಅಂಚಿಗೆ ಸರಿದಂತೆ ನೀರನ್ನು ತಣ್ಣಗಾಗಿಸುವ ಯಂತ್ರವಾದ ಚಿಲ್ಲರಿನ ಹೊರೆ ಇಳಿಯಿತು, ಪಿಯುಇಯೂ ಇಳಿಯಿತು. ಆದರೆ ಬಿಸಿ ಹೆಚ್ಚಾದಾಗ ಸರ್ವರಿನೊಳಗಿನ ಪುಟ್ಟ ಫ್ಯಾನುಗಳು ಜೋರಾಗಿ ತಿರುಗುತ್ತವೆ. ಅವು ತಿನ್ನುವ ವಿದ್ಯುತ್ತು ಐಟಿ ಲೆಕ್ಕಕ್ಕೆ ಸೇರಿ, ಭಾಜಕ ದೊಡ್ಡದಾಗಿ, ಪಿಯುಇ ಇನ್ನಷ್ಟು ಚೆನ್ನಾಗಿ ಕಾಣುತ್ತದೆ. ಒಂದು ವಾರ ವರದಿಯಲ್ಲಿ ಪಿಯುಇ ಅತ್ಯುತ್ತಮವಾಗಿತ್ತು, ಮುಖ್ಯ ಮೀಟರಿನ ಯೂನಿಟ್ಟುಗಳು ಮಾತ್ರ ಅದರ ಹಿಂದಿನ ವಾರಕ್ಕಿಂತ ಹೆಚ್ಚಾಗಿದ್ದವು. ಗ್ರಾಹಕರ ಕೆಲಸದ ಹೊರೆ ಬದಲಾಗಿರಲಿಲ್ಲ. ಸೆಟ್‌ಪಾಯಿಂಟನ್ನು, ಅಂದರೆ ಗಾಳಿಗೆ ಗೊತ್ತುಮಾಡಿದ ತಾಪಮಾನವನ್ನು, ಎರಡು ಡಿಗ್ರಿ ಕೆಳಗಿಳಿಸಿದ ಮೇಲೆ ಎರಡೂ ಹೊಂದಿಕೊಂಡವು. ಈ ಸೇವೆಯನ್ನು ಕೊಳ್ಳುವವರು ಪರದೆಯ ಜೊತೆಗೆ ಮೀಟರನ್ನೂ ನೋಡುತ್ತಿರಬೇಕು.

ಶುಲ್ಕ ಉಳಿತಾಯದಲ್ಲಿ ಪಾಲು ಎಂಬ ಲೆಕ್ಕದ್ದು. ಹೋಲಿಕೆಗೆ ಆಧಾರವಾಗಿ ಸಂಸ್ಥೆ ಹಿಡಿದದ್ದು ಅಕ್ಟೋಬರಿನ ಸೆಕೆಯ ತಿಂಗಳನ್ನು, ಮೊದಲ ಬಿಲ್ಲು ಬಂದದ್ದು ಜನವರಿಯದು. ನವಿ ಮುಂಬೈಯ ಜನವರಿ ತಾನಾಗಿಯೇ ಉಳಿಸಿಕೊಟ್ಟದ್ದಕ್ಕೂ ನಾವು ಪಾಲು ತೆತ್ತೆವು. ಸಹಿ ಹಾಕುವ ಮುನ್ನ ನಾನೇ ಇದನ್ನು ಗಮನಿಸಬೇಕಿತ್ತು.

ಫ್ಯಾನುಗಳಿಗೂ ಪಂಪುಗಳಿಗೂ ವಿಎಫ್‌ಡಿ (ಮೋಟಾರಿನ ವೇಗವನ್ನು ಬೇಕಾದಂತೆ ಬದಲಿಸುವ ಸಾಧನ) ಇರುವ, ಹಲವು ಚಿಲ್ಲರುಗಳ ಸರ್ವರ್ ಹಾಲ್‌ಗಳಿಗೆ ಈ ಸೇವೆಯನ್ನು ನಾನು ಶಿಫಾರಸು ಮಾಡುತ್ತೇನೆ. ನಾಲ್ಕು ಸ್ಪ್ಲಿಟ್ ಎಸಿಗಳ ಸರ್ವರ್ ಕೋಣೆಯವರು ಬ್ಲಾಂಕಿಂಗ್ ಪ್ಯಾನೆಲ್ ತಂದು ಹಾಕಿದರೆ ಸಾಕು. ನಾವು ಕರಾರನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದ್ದೇವೆ. ಈ ಬಾರಿ ಹೋಲಿಕೆ ಹಿಂದಿನ ವರ್ಷದ ಅದೇ ತಿಂಗಳಿನ ಮುಖ್ಯ ಮೀಟರಿನೊಂದಿಗೆ ನಡೆಯಬೇಕೆಂದೂ, ರಾತ್ರಿಪಾಳಿಯ ಆಪರೇಟರ್ ಯಾರ ಅನುಮತಿಯನ್ನೂ ಕಾಯದೆ ನಿಯಂತ್ರಣವನ್ನು ಕೈಗೆ ತೆಗೆದುಕೊಳ್ಳಬಹುದೆಂದೂ ಬರೆಸಿಕೊಂಡಿದ್ದೇವೆ.